ಲಿಂಕನ್ ಪಾರ್ಟಿಗೆ ಕಪ್ಪು ಜನ ವೋಟ್ ಹಾಕೋದು ಯಾಕೆ ಬಿಟ್ರು? ಯಾರಾದ್ರೂ ಬಿಡಿಸಿ ಹೇಳ್ರಪ್ಪ

ವಿದ್ಯಾನಗರ_ಹುಡ್ಗ

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ. ಹಿಸ್ಟರಿ ಎಂಎ ಮಾಡ್ತಿದೀನಿ, ಕೆಎಎಸ್‌ಗೂ ಓದ್ತಿದೀನಿ ಅಂತ ಮನೇಲಿ ಹೇಳಿದೀನಿ. ಒಂದು ಡೌಟು ಎರಡು ದಿನದಿಂದ ತಲೆ ತಿಂತೈತೆ. ನಮ್ ನೋಟ್ಸಲ್ಲಿ ಲಿಂಕನ್ ರಿಪಬ್ಲಿಕನ್, ಗುಲಾಮಗಿರಿ ತೆಗ್ದಿದ್ದು ಅವನ ಪಾರ್ಟಿ, ದಕ್ಷಿಣದ ಹತ್ತಿ ಜಮೀನ್ದಾರ್ರೆಲ್ಲ ಡೆಮಾಕ್ರಾಟ್ ಅಂತ ಐತೆ. ಸರಿ. ಹತ್ತು ಪುಟ ತಿರುವಿದ್ರೆ 1964ರಲ್ಲಿ ಸಿವಿಲ್ ರೈಟ್ಸ್ ಆಕ್ಟ್‌ಗೆ (ಬಣ್ಣ ನೋಡಿ ತಾರತಮ್ಯ ಮಾಡಂಗಿಲ್ಲ ಅನ್ನೋ ಕಾನೂನು) ಸೈನ್ ಹಾಕಿದ್ದು ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್, ಅವನು ಡೆಮಾಕ್ರಾಟ್, ಅದೂ ಟೆಕ್ಸಾಸ್‌ನೋನು. ಈಗ ನೋಡಿದ್ರೆ ಕಪ್ಪು ಜನರಲ್ಲಿ ಹತ್ತಕ್ಕೆ ಎಂಟು ಒಂಬತ್ತು ಮಂದಿ ಡೆಮಾಕ್ರಾಟ್‌ಗೆ, ದಕ್ಷಿಣದ ಬಿಳಿಯರು ಬಹುಪಾಲು ರಿಪಬ್ಲಿಕನ್‌ಗೆ. ಮಧ್ಯದ ಹತ್ತು ಪುಟದಲ್ಲಿ ಏನಾಯ್ತು ಅಂತ ನೋಟ್ಸ್ ಮಾಡಿದ ಪುಣ್ಯಾತ್ಮ ಬರ್ದೇ ಇಲ್ಲ.

ಯೂಟ್ಯೂಬಲ್ಲಿ ನೋಡಿದ್ರೆ ಒಬ್ಬ 1964ರಲ್ಲಿ ಎರಡೂ ಪಾರ್ಟಿ ಅದಲು ಬದಲಾದ್ವು ಅಂತಾನೆ, ಇನ್ನೊಬ್ಬ ಅದೆಲ್ಲ ಕಟ್ಟುಕತೆ, ಯಾವ ಪಾರ್ಟಿನೂ ಬದಲಾಗಿಲ್ಲ ಅಂತಾನೆ. ನಾನೂ ರೂಮ್‌ಮೇಟೂ ನಿನ್ನೆ ಬೆಣ್ಣೆದೋಸೆ ಹೋಟ್ಲಲ್ಲಿ ಇದಕ್ಕೇ ಜಗಳ ಆಡಿ ಬೆಟ್ ಕಟ್ಟಿದೀವಿ. ನಾನು ಮೊದಲನೇ ಪಾರ್ಟಿ, ಅವನು ಎರಡನೇದು. ಗೊತ್ತಿದ್ದೋರು ಹೇಳಿ, ಲಿಂಕ್ ಒಗೀಬೇಡಿ, ಬಾಯಿ ಮಾತಲ್ಲಿ ಹೇಳಿ.

ಪಿಬಿರೋಡ್_ಪೈಲ್ವಾನ್

ಇದ್ರಲ್ಲಿ ಡೌಟ್ ಏನೈತೆ ಗುರು. 1964ರಲ್ಲಿ ಜಾನ್ಸನ್ ಸೈನ್ ಹಾಕ್ದ, ಹಾಕಿ ಪೆನ್ ಕೆಳಗಿಟ್ಟು ಇವತ್ತಿಗೆ ದಕ್ಷಿಣ ನಮ್ ಕೈ ಬಿಡ್ತು ಅಂದ, ಅವತ್ತೇ ಬಿಳಿಯರೆಲ್ಲ ಆ ಕಡೆ ಕಪ್ಪು ಜನ ಎಲ್ಲ ಈ ಕಡೆ. ದೋಸೆ ದುಡ್ಡು ನಿನ್ ರೂಮ್‌ಮೇಟ್ ಕೊಡ್ಲಿ.

ಕೋಟೆಮೇಷ್ಟ್ರು

ಪೈಲ್ವಾನರೇ, ಅಷ್ಟು ಸಲೀಸಲ್ಲ. ನಾನು ಚಿತ್ರದುರ್ಗದವನು, ಮೂವತ್ತು ವರ್ಷ ಇದೇ ಪಾಠ ಮಾಡಿ ರಿಟೈರ್ ಆಗಿದೀನಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳಿ.

ಮೊದ್ಲು ಆ ಪೆನ್ನಿನ ಕತೆ. ಜಾನ್ಸನ್ ಅಂಥದೊಂದು ಮಾತು ಆಡಿದರು ಅಂತ ಹೇಳಿದ್ದು ಅವರ ಹತ್ತಿರ ಕೆಲಸ ಮಾಡ್ತಿದ್ದ ಬಿಲ್ ಮೋಯರ್ಸ್, ಎಷ್ಟೋ ವರ್ಷ ಆದ್ಮೇಲೆ ನೆನಪು ಮಾಡ್ಕೊಂಡು. ಬಾಯಿಂದ ಬಾಯಿಗೆ ಹೋಗಿ ಅದು ಬೆಳೆದಿದೆ. ಪರೀಕ್ಷೆಯಲ್ಲಿ ಕೊಟೇಶನ್ ಹಾಕಿ ಬರೀಬೇಡಿ.

ಎರಡನೇದು, ಕಪ್ಪು ಜನ ಲಿಂಕನ್ ಪಾರ್ಟಿ ಬಿಡೋಕೆ ಶುರು ಮಾಡಿದ್ದು 1964ರಲ್ಲಿ ಅಲ್ಲ, ಅದಕ್ಕೆ ಮೂವತ್ತು ವರ್ಷ ಮುಂಚೆ. ಒಂದೇ ಒಂದು ಸೀಟ್ ಹಿಡ್ಕೊಂಡು ನೋಡಿ. ಚಿಕಾಗೋದ ಸೌತ್ ಸೈಡಿಂದ 1928ರಲ್ಲಿ ಆಸ್ಕರ್ ಡಿ ಪ್ರೀಸ್ಟ್ ಅನ್ನೋ ಕಪ್ಪು ಮನುಷ್ಯ ಕಾಂಗ್ರೆಸ್‌ಗೆ ಗೆದ್ದರು, ರಿಪಬ್ಲಿಕನ್. (ಕಾಂಗ್ರೆಸ್ ಅಂದ್ರೆ ಅಲ್ಲಿಯ ಪಾರ್ಲಿಮೆಂಟು, ನಮ್ಮ ಪಾರ್ಟಿ ಅಲ್ಲ, ಪ್ರತಿ ವರ್ಷ ಕ್ಲಾಸಲ್ಲಿ ಯಾರಾದರೊಬ್ಬ ಇದರಲ್ಲಿ ಎಡವ್ತಿದ್ದ.) ಅದೇ ಸೀಟಲ್ಲಿ 1934ರಲ್ಲಿ ಅವರನ್ನ ಸೋಲಿಸಿದ್ದು ಆರ್ಥರ್ ಮಿಚೆಲ್, ಅವರೂ ಕಪ್ಪು ಮನುಷ್ಯನೇ, ಆದ್ರೆ ಡೆಮಾಕ್ರಾಟ್, ಆ ಪಾರ್ಟಿಯಿಂದ ಕಾಂಗ್ರೆಸ್‌ಗೆ ಹೋದ ಮೊದಲ ಕಪ್ಪು ಸದಸ್ಯ. ಆರು ವರ್ಷದೊಳಗೆ ಏನಾಗಿತ್ತು? 1929ರ ಷೇರುಪೇಟೆ ಕುಸಿತ ಆಗಿತ್ತು, ಕೆಲಸ ಇರಲಿಲ್ಲ, ಡೆಮಾಕ್ರಾಟ್ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಸರ್ಕಾರಿ ಕೆಲಸ, ರಿಲೀಫ್ ಅಂತ ಶುರು ಮಾಡಿದ್ದರು. ಅವುಗಳಲ್ಲೂ ತಾರತಮ್ಯ ಬೇಕಾದಷ್ಟಿತ್ತು, ಆದ್ರೂ ಹೊಟ್ಟೆಗೆ ಬಿತ್ತು. ಲಿಂಕನ್ ಋಣ ತೀರಿತು ಅಂತ ಜನ ಲೆಕ್ಕ ಹಾಕ್ಕೊಂಡರು.

ತಮಾಷೆ ಏನಂದ್ರೆ ಆ ಹೊತ್ತಿಗೆ ಡೆಮಾಕ್ರಾಟ್ ಪಾರ್ಟಿ ಅಂದ್ರೆ ಒಂದೇ ಮನೇಲಿ ಮಾತು ಬಿಟ್ಟ ಎರಡು ಸಂಸಾರ. ಉತ್ತರದ ಊರುಗಳಲ್ಲಿ ಕಾರ್ಮಿಕರು, ಯೂನಿಯನ್ನು, ಕಪ್ಪು ಮತದಾರರು. ದಕ್ಷಿಣದಲ್ಲಿ ಕಪ್ಪು ಜನಕ್ಕೆ ಬೂತ್ ಬಾಗ್ಲೇ ತೋರಿಸದ ಬಿಳಿ ಯಜಮಾನರು. ಇಬ್ಬರೂ ರೂಸ್‌ವೆಲ್ಟ್‌ಗೇ ವೋಟು. ಇದು ಯುದ್ಧ ಮುಗಿಯೋ ತನಕ ಹೆಂಗೋ ನಡೀತು. 1948ರಲ್ಲಿ, ರೂಸ್‌ವೆಲ್ಟ್ ಆದ್ಮೇಲೆ ಬಂದ ಡೆಮಾಕ್ರಾಟ್ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಬಿಳಿ ಕಪ್ಪು ಬೇರೆ ಬೇರೆ ಇಡೋದನ್ನ ತೆಗೆಯೋಕೆ ಆರ್ಡರ್ ಮಾಡಿದರು, ಅದೇ ಜುಲೈನಲ್ಲಿ ಪಾರ್ಟಿಯ ಫಿಲಡೆಲ್ಫಿಯಾ ಸಮಾವೇಶದಲ್ಲಿ ಹ್ಯೂಬರ್ಟ್ ಹಂಫ್ರಿ ನಾಗರಿಕ ಹಕ್ಕಿನ ಪರ ಮಾತಾಡಿದ್ರು, ದಕ್ಷಿಣದ ಒಂದಷ್ಟು ಜನ ಎದ್ದು ಹೊರಗೆ ನಡೆದರು. ಸೌತ್ ಕ್ಯಾರೊಲಿನಾ ಗವರ್ನರ್ ಸ್ಟ್ರಾಮ್ ಥರ್ಮಂಡ್ ಬೇರೆ ಪಾರ್ಟಿ ಕಟ್ಟಿ ನಿಂತು 4 ರಾಜ್ಯ ಗೆದ್ದರು. ಆದ್ರೂ ಟ್ರೂಮನ್ ಸೋಲಲಿಲ್ಲ. ಓಹಾಯೋದಲ್ಲಿ ಅವರು ಗೆದ್ದ ಅಂತರ ಸುಮಾರು 7 ಸಾವಿರ ಅಷ್ಟೇ, ಅಂಥ ಕಡೆ ಉತ್ತರದ ಕಪ್ಪು ಜನರ ವೋಟು ಎಷ್ಟು ತೂಕದ್ದು ಅಂತ ಎರಡೂ ಪಾರ್ಟಿಗೆ ಆಗ ಅರ್ಥ ಆಯ್ತು.

ನಾವು ನಿಜಲಿಂಗಪ್ಪನವರ ಊರ ಕಡೆಯವರು, ಸೀಬಾರದಲ್ಲಿ ಅವರ ಸ್ಮಾರಕ ಇದೆ. 1969ರಲ್ಲಿ ಅವರು ಅಧ್ಯಕ್ಷರಾಗಿದ್ದಾಗ ಇಂದಿರಾ ಗಾಂಧಿಯವರನ್ನೇ ಪಾರ್ಟಿಯಿಂದ ತೆಗೆದರು, ಪಾರ್ಟಿ ಎರಡು ಹೋಳಾಯ್ತು, ಕೊನೆಗೆ ಜನ ಕಾಂಗ್ರೆಸ್ ಅಂತ ಕರೆದಿದ್ದು ಇಂದಿರಾ ಕಡೆಯನ್ನ. ಬೋರ್ಡು ಅದೇ, ಅಂಗಡಿಯೊಳಗಿನ ಸಾಮಾನು ಬೇರೆ. ಅಮೆರಿಕದಲ್ಲಿ ಇದು ಒಂದು ವರ್ಷದಲ್ಲಿ ಆಗಲಿಲ್ಲ, ಅರವತ್ತು ಎಪ್ಪತ್ತು ವರ್ಷ ಎಳೀತು, ವ್ಯತ್ಯಾಸ ಅಷ್ಟೇ.

ಮಿಲ್‌ಸೈರನ್

ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಉತ್ತರದಲ್ಲಿ ಅಷ್ಟೊಂದು ಕಪ್ಪು ಜನ ಎಲ್ಲಿಂದ ಬಂದ್ರು ಅಂತ ಹೇಳ್ಲೇ ಇಲ್ಲ ನೋಡ್ರಿ. ನಮ್ಮಪ್ಪ ದಾವಣಗೆರೆ ಕಾಟನ್ ಮಿಲ್ಲಲ್ಲಿ ಸ್ಪಿನ್ನಿಂಗ್‌ನಲ್ಲಿದ್ದೋರು, ನಾನು ಹತ್ತಿ ಧೂಳಲ್ಲೇ ಬೆಳೆದೋನು, ಹಂಗಾಗಿ ನನಗೆ ಈ ಕತೆ ಹತ್ತಿಯಿಂದ್ಲೇ ಶುರುವಾಗೋದು.

1944 ಅಕ್ಟೋಬರ್‌ನಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ರ ಹಾಪ್ಸನ್ ಅನ್ನೋರ ಹೊಲದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನೋರು ಹತ್ತಿ ಬಿಡಿಸೋ ಮಷೀನ್ ಓಡಿಸಿ ತೋರಿಸಿದ್ರು, ಜಾತ್ರೆ ಥರ ಜನ ಸೇರಿದ್ರಂತೆ. ಒಂದು ಮಷೀನು ಐವತ್ತು ಆಳಿನ ಕೆಲ್ಸ ಮಾಡುತ್ತೆ ಅಂತ ಲೆಕ್ಕ. ನಮ್ ಕಡೆ ಹತ್ತಿ ಬಿಡಿಸೋಕೆ ಹೋದೋರನ್ನ ಕೇಳಿ, ಕಾಯಿ ಒಡೆದ ಸಿಪ್ಪೆ ತುದಿ ಮುಳ್ಳಿನ ಥರ ಇರುತ್ತೆ, ಸಂಜೆ ಹೊತ್ತಿಗೆ ಉಗುರು ಸಂದಿಯೆಲ್ಲ ಕಿತ್ತು ರಕ್ತ, ಸೊಂಟ ಬಗ್ಗಿಸಿ ಬಗ್ಗಿಸಿ ನಿಲ್ಲೋಕಾಗಲ್ಲ. ಆ ಕೆಲ್ಸ ಹೋದ್ರೆ ಹೋಗ್ಲಿ ಅನ್ಸುತ್ತೆ, ಆದ್ರೆ ಅದೇ ಕೂಳು ಕೊಡ್ತಿದ್ದುದು ಅಲ್ವಾ. ಕೆಲ್ಸಾನೂ ಕಮ್ಮಿ ಆಗ್ತಾ ಬಂತು, ಮರ್ಯಾದೆ ಮೊದ್ಲೇ ಇರ್ಲಿಲ್ಲ, ಜೀವಕ್ಕೂ ಗ್ಯಾರಂಟಿ ಇಲ್ಲ, ಜನ ರೈಲು ಹತ್ತಿದ್ರು. 1940ರಿಂದ 1970ರೊಳಗೆ ಸುಮಾರು 50 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಚಿಕಾಗೋ, ಡೆಟ್ರಾಯಿಟ್, ಲಾಸ್ ಏಂಜಲೀಸ್ ಕಡೆ ಹೋದ್ರು. ಚಿಕಾಗೋದಲ್ಲಿ ಮನೆ ಸಿಗೋದು ಕಷ್ಟ ಆಗ್ಬೋದು, ವೋಟಿಗೆ ಅಡ್ಡಿ ಇಲ್ಲ. ಮಿಸಿಸಿಪ್ಪಿಯಲ್ಲಿ ಓಟರೇ ಅಲ್ದೋನು ರೈಲಿಳಿದು ಓಟರ್ ಆದ. ಟ್ರೂಮನ್‌ಗೆ ಬಂದ ಆ ವೋಟಿನ ತೂಕ ಇಲ್ಲಿಂದ ಬಂದಿದ್ದು.

ಹಿಂದೆ ಉಳಿದೋರ ಕತೆ ಕೇಳಿ. ಫ್ಯಾನಿ ಲೂ ಹೇಮರ್ ಅಂತ ಒಬ್ಬ ಹೆಣ್ಮಗಳು, ಮಿಸಿಸಿಪ್ಪಿಯ ರೂಲ್‌ವಿಲ್ ಕಡೆಯೋಳು, ಆರನೇ ವಯಸ್ಸಿಂದ ಹತ್ತಿ ಬಿಡಿಸಿದೋಳು, ಒಂದೇ ಹೊಲದಲ್ಲಿ 18 ವರ್ಷ ಕೆಲ್ಸ. 1962ರ ಆಗಸ್ಟ್ 31ಕ್ಕೆ ಒಂದು ಹಳೇ ಬಸ್ಸಲ್ಲಿ 18 ಜನ ಇಂಡಿಯನೋಲಾ ಕೋರ್ಟಿಗೆ ಓಟರ್ ಲಿಸ್ಟಲ್ಲಿ ಹೆಸ್ರು ಬರೆಸೋಕೆ ಹೋದ್ರು. ಅಲ್ಲಿ ಗುಮಾಸ್ತ ರಾಜ್ಯದ ಸಂವಿಧಾನದಲ್ಲಿ ಒಂದು ಕಲಂ ತೆಗೆದು ಇದನ್ನ ನಕಲು ಮಾಡು, ಆಮೇಲೆ ಅರ್ಥ ಬರಿ ಅಂತಾನೆ. ಇವಳಿಗೆ ಬಂದಿದ್ದು ಡಿ ಫ್ಯಾಕ್ಟೋ ಕಾನೂನಿನ ಕಲಂ. ಕುದುರೆಗೆ ಕ್ರಿಸ್‌ಮಸ್ ಹಬ್ಬ ಎಷ್ಟು ಗೊತ್ತೋ ನನಗೂ ಅದು ಅಷ್ಟೇ ಗೊತ್ತಿತ್ತು ಅಂತ ಆಮೇಲೆ ಹೇಳ್ತಿದ್ಲು. ನಮ್ ಕತ್ತೆ ಕಸ್ತೂರಿ ಗಾದೆ ಥರ, ಆದ್ರೆ ಇಲ್ಲಿ ಕತ್ತೆ ಯಾರು ಅನ್ನೋದೇ ಬೇರೆ ಪ್ರಶ್ನೆ. ಫೇಲ್. ವಾಪಸ್ ಬರುವಾಗ ಪೊಲೀಸ್ ಬಸ್ ನಿಲ್ಸಿ ದಂಡ ಹಾಕ್ದ. ಕಾರಣ? ಬಸ್ಸಿನ ಬಣ್ಣ ಜಾಸ್ತಿ ಹಳದಿ, ಸ್ಕೂಲ್ ಬಸ್ ಥರ ಕಾಣುತ್ತೆ ಅಂತೆ!! ರಾತ್ರಿ ಮನೆಗೆ ಬರೋದ್ರೊಳಗೆ ಹೊಲದ ಯಜಮಾನನಿಗೆ ಸುದ್ದಿ ಮುಟ್ಟಿತ್ತು, ಅರ್ಜಿ ವಾಪಸ್ ತಗೋ ಇಲ್ಲಾ ಜಾಗ ಖಾಲಿ ಮಾಡು ಅಂದ. ಅವಳು ಅವತ್ತೇ ರಾತ್ರಿ ಹೊರಟ್ಲು.

ಎರಡು ವರ್ಷ ಆದ್ಮೇಲೆ ಇದೇ ಹೆಣ್ಮಗಳು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಾಟ್ ಸಮಾವೇಶಕ್ಕೆ ಹೋಗಿ, ಮಿಸಿಸಿಪ್ಪಿಯಿಂದ ಬಂದಿರೋ ಬಿಳೀ ಡೆಲಿಗೇಷನ್ ನಮ್ಮನ್ನ ಪ್ರತಿನಿಧಿಸಲ್ಲ ಅಂತ ಟೀವಿ ಕ್ಯಾಮೆರಾ ಮುಂದೆ ಸಾಕ್ಷಿ ಹೇಳಿದ್ಲು, ಜೈಲಲ್ಲಿ ತನ್ನನ್ನ ಹೆಂಗೆ ಹೊಡೆಸಿದ್ರು ಅಂತ ಒಂದೊಂದೇ ಹೇಳ್ತಿದ್ರೆ ಜಾನ್ಸನ್ ಗಾಬರಿಯಾಗಿ ತಾನೇ ದಿಢೀರ್ ಪ್ರೆಸ್‌ಮೀಟ್ ಕರೆದ, ಕ್ಯಾಮೆರಾ ಆ ಕಡೆ ತಿರುಗ್ಲಿ ಅಂತ. ತಿರುಗ್ತು, ಆದ್ರೆ ರಾತ್ರಿ ಚಾನಲ್‌ನೋರು ಇವಳದ್ದೇ ಮತ್ತೆ ಹಾಕಿದ್ರು. ಕೊನೆಗೆ ರಾಜಿ ಅಂತ 2 ಸೀಟ್ ಕೊಡ್ತೀವಿ ಅಂದ್ರು, ಇವರು ಬೇಡ ಅಂದ್ರು. ಸಿವಿಲ್ ರೈಟ್ಸ್ ಆಕ್ಟ್‌ಗೆ ಸೈನ್ ಹಾಕಿ ಇನ್ನೂ ಎರಡು ತಿಂಗಳೂ ಆಗಿರ್ಲಿಲ್ಲ ಅದೇ ಜಾನ್ಸನ್. ಅದಕ್ಕೇ ಹೇಳೋದು, ಪಾರ್ಟಿಗಳು ತಾವಾಗೇ ಒಳ್ಳೇವಾಗಿದ್ದಲ್ಲ, ಕತ್ತಿನ ಮೇಲೆ ಕೂತು ಮಾಡಿಸಿದ್ದು.

ವಿದ್ಯಾನಗರ_ಹುಡ್ಗ

ಅಣ್ಣ, ಬಸ್ ಹಳದಿ ಅಂತ ದಂಡ ಹಾಕಿದ್ದು ಓದಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಒಂದು ಕ್ರಾಸ್ ಕ್ವೆಶ್ಚನ್. ರೂಮ್‌ಮೇಟ್ ಹೇಳ್ತಾನೆ 1964ರ ಆಕ್ಟ್‌ಗೆ ರಿಪಬ್ಲಿಕನ್ನರೇ ಜಾಸ್ತಿ ಪರ್ಸೆಂಟ್ ವೋಟ್ ಹಾಕಿದ್ರು, ಡೆಮಾಕ್ರಾಟ್‌ಗಳೇ ವಿರೋಧ ಮಾಡಿದ್ದು, ಹಂಗಿದ್ಮೇಲೆ ಬದಲಾಗಿದ್ದೇನು ಅಂತ. ಇದು ನಿಜಾನಾ?

ಕೋಟೆಮೇಷ್ಟ್ರು

ನಿಜ, ನಿಮ್ಮ ರೂಮ್‌ಮೇಟ್ ಓದ್ಕೊಂಡಿದಾರೆ. ಸೆನೆಟ್‌ನಲ್ಲಿ, ಅಂದ್ರೆ ಕಾಂಗ್ರೆಸ್‌ನ ಮೇಲ್ಮನೆಯಲ್ಲಿ, ಮಸೂದೆ 73ಕ್ಕೆ 27ರಲ್ಲಿ ಪಾಸಾಯ್ತು. ರಿಪಬ್ಲಿಕನ್ನರು 27 ಪರ, 6 ವಿರುದ್ಧ. ಡೆಮಾಕ್ರಾಟರು 46 ಪರ, 21 ವಿರುದ್ಧ. ಆದ್ರೆ ಲೆಕ್ಕವನ್ನ ಪಾರ್ಟಿ ಪ್ರಕಾರ ಬಿಟ್ಟು ಊರಿನ ಪ್ರಕಾರ ಹಾಕಿ. ಅಂತರ್ಯುದ್ಧದಲ್ಲಿ ಬೇರೆಯಾಗಿದ್ದ 11 ದಕ್ಷಿಣ ರಾಜ್ಯಗಳಿಗೆ 22 ಸೆನೆಟರ್‌ಗಳು. ಅವರಲ್ಲಿ ಪರ ಹಾಕಿದ್ದು ಒಬ್ಬರೇ, ಟೆಕ್ಸಾಸಿನ ರಾಲ್ಫ್ ಯಾರ್‌ಬರೋ, ಡೆಮಾಕ್ರಾಟ್. ಆ ಭಾಗಕ್ಕೆ ಇದ್ದ ಒಬ್ಬನೇ ರಿಪಬ್ಲಿಕನ್ ಸೆನೆಟರ್ ಜಾನ್ ಟವರ್ ವಿರುದ್ಧ ಹಾಕಿದರು. ದಕ್ಷಿಣ ಅಂದ್ರೆ ದಕ್ಷಿಣ, ಪಾರ್ಟಿ ಯಾವುದಾದ್ರೂ.

ಮಸೂದೆ ವೋಟಿಗೆ ಬರೋಕೆ ಮುಂಚೆ ದಕ್ಷಿಣದವರು ತಿಂಗಳುಗಟ್ಟಲೆ ಮಾತಾಡ್ತಾನೇ ಇದ್ದು ಸದನ ಕಟ್ಟಿ ಹಾಕಿದ್ದರು. ಅದನ್ನ ಮುರಿಯೋಕೆ ಜೂನ್ 10ಕ್ಕೆ ವೋಟ್ ಆಯ್ತು, ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್‌ಸನ್ ತಮ್ಮವರನ್ನ ಕರೆತರದೆ ಇದ್ದಿದ್ರೆ ಆಗ್ತಿರಲಿಲ್ಲ. ಅವತ್ತು ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅನ್ನೋ ಸೆನೆಟರನ್ನ ವೀಲ್‌ಚೇರಲ್ಲಿ ಕರ್ಕೊಂಡು ಬಂದ್ರು. ಮೆದುಳಲ್ಲಿ ಗಡ್ಡೆ, ಮಾತು ನಿಂತಿತ್ತು. ಹೆಸರು ಕೂಗಿದಾಗ ಬಾಯಿ ಬರಲಿಲ್ಲ, ನಿಧಾನಕ್ಕೆ ಕೈ ಎತ್ತಿ ತನ್ನ ಕಣ್ಣು ತೋರಿಸಿದರು. ಇಂಗ್ಲಿಷಲ್ಲಿ ಕಣ್ಣಿಗೂ ಹೌದು ಅನ್ನೋ ಮತಕ್ಕೂ ಒಂದೇ ಉಚ್ಚಾರ, ಐ. ಅದನ್ನ ಹೌದು ಅಂತ ಬರ್ಕೊಂಡರು. ಎರಡು ತಿಂಗಳೊಳಗೆ ತೀರಿಕೊಂಡರು. ನಾನು ಪಾಠ ಮಾಡುವಾಗ ಕಣ್ಣಿಗೆ ಬೆರಳಿಟ್ಟು ತೋರಿಸ್ತಿದ್ದೆ, ಹಿಂದಿನ ಬೆಂಚಿನವರೂ ಅವತ್ತು ಮಾತ್ರ ತಲೆ ಎತ್ತುತಿದ್ದರು.

ಹಂಗಿದ್ರೆ ಬದಲಾಗಿದ್ದೇನು? ಆ 6 ರಿಪಬ್ಲಿಕನ್ನರಲ್ಲಿ ಒಬ್ಬರು ಅರಿಜೋನಾದ ಬ್ಯಾರಿ ಗೋಲ್ಡ್‌ವಾಟರ್, ಮುಂದಿನ ತಿಂಗಳೇ ಪಾರ್ಟಿ ಅವರನ್ನೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸ್ತು. ದೇಶದ ತುಂಬ ಹೀನಾಯವಾಗಿ ಸೋತರು. ತಮ್ಮ ಅರಿಜೋನಾ ಬಿಟ್ಟರೆ ಗೆದ್ದಿದ್ದು 5 ರಾಜ್ಯ ಮಾತ್ರ, ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಸೌತ್ ಕ್ಯಾರೊಲಿನಾ. ಮಿಸಿಸಿಪ್ಪಿಯಲ್ಲಿ 87 ಪರ್ಸೆಂಟ್! ಥರ್ಮಂಡ್ ಅದೇ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ಆದರು. ಆ ಕಡೆ ಕಪ್ಪು ಜನರಲ್ಲಿ 1960ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್‌ಗೆ ಹಾಕಿದವರು ಸುಮಾರು ಮೂರರಲ್ಲಿ ಒಂದು ಪಾಲು ಇದ್ದರು, ಗೋಲ್ಡ್‌ವಾಟರ್‌ಗೆ ಹಾಕಿದವರು ಬೆರಳೆಣಿಕೆ. ಮಾರ್ಚ್ 1965ರಲ್ಲಿ ಅಲಬಾಮಾದ ಸೆಲ್ಮಾದಲ್ಲಿ ವೋಟಿನ ಹಕ್ಕು ಕೇಳಿ ಮೆರವಣಿಗೆ ಹೊರಟವರಿಗೆ ಸೇತುವೆ ಮೇಲೆ ಲಾಠಿ ಏಟು, ಆಗಸ್ಟ್‌ನಲ್ಲಿ ವೋಟಿಂಗ್ ರೈಟ್ಸ್ ಆಕ್ಟ್. ಮಿಲ್‌ಸೈರನ್ ಹೇಳಿದ ಆ ಸಂವಿಧಾನದ ಅರ್ಥ ಬರೆಯೋ ಪರೀಕ್ಷೆ ಅಲ್ಲಿಗೆ ನಿಂತಿತು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ನೋಂದಣಿ 6.7 ಪರ್ಸೆಂಟ್ ಇದ್ದಿದ್ದು ಎರಡು ವರ್ಷದಲ್ಲಿ ಹೆಚ್ಚುಕಮ್ಮಿ 60 ಆಯ್ತು.

ತಂಪುಗಾಳಿ_ಹರಿಹರ

ಎಲ್ಲಾನೂ ಬಣ್ಣಕ್ಕೇ ತಳುಕು ಹಾಕ್ತೀರಲ್ಲ ಮೇಷ್ಟ್ರೇ. 1952ರಲ್ಲೇ ರಿಪಬ್ಲಿಕನ್ ಐಸೆನ್‌ಹೋವರ್ ಟೆಕ್ಸಾಸ್, ಫ್ಲೋರಿಡಾ, ವರ್ಜೀನಿಯಾ, ಟೆನೆಸ್ಸಿ ಗೆದ್ದಿದ್ದ, ಆಗ ಯಾವ ಸಿವಿಲ್ ರೈಟ್ಸ್ ಆಕ್ಟೂ ಇರ್ಲಿಲ್ಲ. ಎಸಿ ಬಂತು, ಹೈವೇ ಬಂತು, ಸೇನೆ ಬೇಸ್‌ಗಳು ಬಂದ್ವು, ಉತ್ತರದ ಬಿಸಿನೆಸ್ ಮಂದಿ ದಕ್ಷಿಣಕ್ಕೆ ಬಂದು ಸೆಟ್ಲ್ ಆದ್ರು, ಅವ್ರಿಗೆ ಟ್ಯಾಕ್ಸ್ ಕಮ್ಮಿ ಬೇಕಿತ್ತು. ಆಮೇಲೆ ಚರ್ಚ್ ವಿಷ್ಯ, 1962ರಲ್ಲಿ ಸ್ಕೂಲಲ್ಲಿ ಪ್ರಾರ್ಥನೆ ಮಾಡ್ಸಂಗಿಲ್ಲ ಅಂತ ಸುಪ್ರೀಂ ಕೋರ್ಟ್, 1973ರಲ್ಲಿ ಗರ್ಭಪಾತದ ತೀರ್ಪು. ಇವೂ ಲೆಕ್ಕಕ್ಕೆ ಬರ್ಬೇಕಲ್ವಾ.

ಕೋಟೆಮೇಷ್ಟ್ರು

ಬರ್ಬೇಕು, ತಪ್ಪಿಲ್ಲ. ದಕ್ಷಿಣದ ಅಂಚಿನ ರಾಜ್ಯಗಳು ನೀವು ಹೇಳಿದ ದಾರೀಲಿ ಹೋದ್ವು. ಆದ್ರೆ ಅದೇ ಐಸೆನ್‌ಹೋವರ್‌ಗೆ 1952ರಲ್ಲೂ 1956ರಲ್ಲೂ ಮಿಸಿಸಿಪ್ಪಿ, ಅಲಬಾಮಾ ಸಿಗಲಿಲ್ಲ, ಎಸಿ ಅಲ್ಲಿಗೂ ಬಂದಿತ್ತು. ಅವೆರಡು ಯಾವ ವರ್ಷ ತಿರುಗಿದ್ವು ಅಂತ ನೋಡಿ. 1968ರಲ್ಲಿ ಜಾರ್ಜ್ ವಾಲೇಸ್, ಬಿಳಿ ಕಪ್ಪು ಬೇರೆ ಬೇರೆನೇ ಇರ್ಬೇಕು ಅಂತಿದ್ದ ಅಲಬಾಮಾದ ಮಾಜಿ ಗವರ್ನರ್, ಬೇರೆ ಪಾರ್ಟಿಯಿಂದ ನಿಂತು 5 ರಾಜ್ಯ ಗೆದ್ದಾಗ ಅವೆರಡೂ ಅದರಲ್ಲಿದ್ದವು, 1972ರಲ್ಲಿ ಆ ವೋಟೆಲ್ಲ ನಿಕ್ಸನ್ ಬುಟ್ಟಿಗೆ ಬಿತ್ತು. ನಿಕ್ಸನ್ ಬಾಯಲ್ಲಿ ಬಣ್ಣದ ಮಾತಿಲ್ಲ, ಲಾ ಅಂಡ್ ಆರ್ಡರ್ ಅಂದರು, ಬಿಳಿ ಕಪ್ಪು ಮಕ್ಕಳು ಒಟ್ಟಿಗೆ ಓದ್ಲಿ ಅಂತ ಮಕ್ಕಳನ್ನ ಬಸ್ಸಲ್ಲಿ ಬೇರೆ ಏರಿಯಾ ಸ್ಕೂಲಿಗೆ ಕಳ್ಸೋದು ಬೇಡ ಅಂದರು. ಕೇಳೋರಿಗೆ ಅರ್ಥ ಆಗ್ತಿತ್ತು. ನಮ್ಮಲ್ಲೂ ಜಾತಿ ಹೆಸರೇ ಎತ್ತದೆ ಜಾತಿ ಭಾಷಣ ಮಾಡೋರನ್ನ ಕೇಳಿಲ್ವೇ ನೀವು.

ಅಟ್ಲಾಂಟ_ಕನ್ನಡಿಗ

ಹುಟ್ಟಿದ್ದು ದಾವಣಗೆರೆ, ಇಂಜಿನಿಯರಿಂಗ್ ಅಲ್ಲೇ, ಈಗ ಹದಿನೈದು ವರ್ಷದಿಂದ ಜಾರ್ಜಿಯಾ. ಒಂದು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಮ್ಮ ಪಕ್ಕದ ಮನೆ ಅಜ್ಜ, ಬಿಳಿಯ, ಎಂಬತ್ತು ದಾಟಿದೆ, ಪಕ್ಕಾ ರಿಪಬ್ಲಿಕನ್. ಅವರು ಹೇಳೋದು, ಅಧ್ಯಕ್ಷರಿಗೆ 1964ರಿಂದ ರಿಪಬ್ಲಿಕನ್ ಹಾಕ್ದೆ, ನಡುವೆ 1976ರಲ್ಲಿ ಕಾರ್ಟರ್ ನಮ್ಮೂರೋನು ಅಂತ ಡೆಮಾಕ್ರಾಟ್‌ಗೆ, ಆದ್ರೆ ಶೆರಿಫ್‌ಗೆ (ಊರ ಕಡೆಯ ಪೊಲೀಸ್ ಮುಖ್ಯಸ್ಥ, ಇಲ್ಲಿ ಅದಕ್ಕೂ ಎಲೆಕ್ಷನ್) ಮಾತ್ರ 2000 ದಾಟೋವರೆಗೂ ಡೆಮಾಕ್ರಾಟ್‌ಗೇ ಹಾಕ್ತಿದ್ದೆ, ಯಾಕಂದ್ರೆ ನಿಂತೋರೆಲ್ಲ ಅದೇ ಪಾರ್ಟಿಯೋರು, ಬೇರೆ ಯಾರು ಇದ್ರು ಅಂತ. ಇದನ್ನ ಪುಸ್ತಕದಲ್ಲಿ ಹುಡುಕಿದ್ರೂ ಹಂಗೇ ಐತೆ. ದಕ್ಷಿಣದ ಹೌಸ್ (ಕಾಂಗ್ರೆಸ್‌ನ ಕೆಳಮನೆ) ಸೀಟುಗಳಲ್ಲಿ ರಿಪಬ್ಲಿಕನ್ ಬಹುಮತ ಬಂದಿದ್ದು 1994ರ ಎಲೆಕ್ಷನ್‌ನಲ್ಲಿ, ಜಾರ್ಜಿಯಾಗೆ ರಿಪಬ್ಲಿಕನ್ ಗವರ್ನರ್ ಬಂದಿದ್ದು 2002ರಲ್ಲಿ, ಅಲಬಾಮಾ ವಿಧಾನಸಭೆ ಅವರ ಕೈಗೆ ಹೋಗಿದ್ದು 2010ರಲ್ಲಿ, 136 ವರ್ಷ ಆದ್ಮೇಲೆ! ಮೇಲಿನ ಕೊಂಬೆ ಮೊದ್ಲು ಒಣಗಿ ಬುಡಕ್ಕೆ ಬರೋಕೆ ನಲವತ್ತು ಐವತ್ತು ವರ್ಷ ಹಿಡೀತು.

ಇನ್ನೊಂದು, ಈ ಥ್ರೆಡ್ಡಲ್ಲಿ ಯಾರೂ ಹೇಳ್ಲಿಲ್ಲ, ನಾನು ಇಲ್ಲಿ ಕೂತಿರೋದೇ ಆ ವರ್ಷಗಳಿಂದ. 1946ರಲ್ಲಿ ಇಂಡಿಯಾಗೆ ಅಮೆರಿಕ ಕೊಟ್ಟ ಕೋಟಾ ವರ್ಷಕ್ಕೆ 100 ಜನ. ಪೂರ್ತಿ ದೇಶಕ್ಕೆ ನೂರೇ ನೂರು, ನಮ್ಮ ಕಾಲೇಜಿನ ಒಂದು ಬ್ಯಾಚಲ್ಲೇ ಅದಕ್ಕಿಂತ ಜಾಸ್ತಿ ಜನ ಬಂದಿದೀವಿ. ಅದನ್ನ ಕಿತ್ತು ಹಾಕಿದ್ದು 1965ರ ಇಮಿಗ್ರೇಷನ್ ಆಕ್ಟ್, ಅಕ್ಟೋಬರ್ 3ಕ್ಕೆ ಲಿಬರ್ಟಿ ಪ್ರತಿಮೆ ಕೆಳಗೆ ಜಾನ್ಸನ್ ಸೈನ್ ಹಾಕಿದ್ದು. ಇದರಿಂದ ದೊಡ್ಡ ಬದಲಾವಣೆ ಏನಾಗಲ್ಲ ಅಂತ ಅವತ್ತು ಭಾಷಣದಲ್ಲಿ ಅವನೇ ಹೇಳಿದ್ದ. ಹುಟ್ಟಿದ ದೇಶ ನೋಡಿ ಬಾಗ್ಲು ಹಾಕೋದು ತಪ್ಪು ಅನ್ನೋ ಮಾತಿಗೆ ಗಟ್ಟಿ ಬಂದಿದ್ದೇ ಬಣ್ಣ ನೋಡಿ ಬೂತ್ ಬಾಗ್ಲು ಹಾಕೋದು ತಪ್ಪು ಅಂತ ಸೆಲ್ಮಾದಲ್ಲಿ ಏಟು ತಿಂದೋರಿಂದ. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲಿ ಕಪ್ಪು ಜನರ ಬಗ್ಗೆ ಕೆಲವರು ಆಡೋ ಮಾತು ನೋಡಿದ್ರೆ ಇದು ಗೊತ್ತೇ ಇಲ್ವೇನೋ ಅನ್ಸುತ್ತೆ. ಒಂದ್ಸಲ ಬರ್ದೆ, ಮೂರು ಜನ ಗ್ರೂಪ್ ಬಿಟ್ರು.

ಪಿಬಿರೋಡ್_ಪೈಲ್ವಾನ್

ಸರಿ ಒಪ್ಕೊಂಡೆ, ನಂದು ತಪ್ಪು. ಪೆನ್ನಿನ ಡೈಲಾಗ್ ಮಾತ್ರ ಚೆನ್ನಾಗಿತ್ತು. ಮಿಲ್‌ಸೈರನ್ ಅಣ್ಣ, ಆ ಹೇಮರ್ ಅಮ್ಮ ಕೊನೆಗೆ ವೋಟ್ ಹಾಕಿದ್ಲಾ ಇಲ್ವಾ?

ಮಿಲ್‌ಸೈರನ್

ಹಠ ಬಿಡ್ಲಿಲ್ಲ. ಮತ್ತೆ ಮತ್ತೆ ಹೋಗಿ 1963ರ ಜನವರಿಯಲ್ಲಿ ಪರೀಕ್ಷೆ ಪಾಸಾದ್ಲು. ಅದೇ ವರ್ಷ ಎಲೆಕ್ಷನ್ ಬಂತು, ಬೂತಿಗೆ ಹೋದ್ಲು, ಪೋಲ್ ಟ್ಯಾಕ್ಸ್ ಕಟ್ಟಿದ ಎರಡು ರಸೀದಿ ಎಲ್ಲಿ ಅಂದ್ರು. ವೋಟಿಗೂ ಟ್ಯಾಕ್ಸು! ರಸೀದಿ ಇಲ್ಲ, ಹಾಕೋಕೆ ಬಿಡ್ಲಿಲ್ಲ. 1964ರಲ್ಲಿ ತಾನೇ ಕಾಂಗ್ರೆಸ್ ಸೀಟಿಗೆ ಪಾರ್ಟಿಯೊಳಗಿನ ಚುನಾವಣೆಗೆ ನಿಂತ್ಲು, ಸೋತ್ಲು, ಆದ್ರೆ ಬ್ಯಾಲೆಟ್‌ನಲ್ಲಿ ತನ್ನ ಹೆಸರಿಗೆ ತಾನೇ ವೋಟ್ ಹಾಕಿದ್ಲು. ನಾನು ಹಾಕಿದ ಮೊದಲ್ನೇ ವೋಟೇ ನನಗೆ ಅಂತ ಹೇಳ್ಕೊಂಡು ನಗ್ತಿದ್ಲಂತೆ.

ನಮ್ಮೂರಲ್ಲಿ ಮಿಲ್ ಕಾರ್ಮಿಕರ ವೋಟಲ್ಲಿ ಪಂಪಾಪತಿಯವರು ಸಿಪಿಐನಿಂದ ಎಂಎಲ್‌ಎ ಆಗಿದ್ರು. ಅಪ್ಪ ವೋಟ್ ಹಾಕೋ ದಿನ ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಹೋಗ್ತಿದ್ರು, ಮಿಲ್ ಮುಚ್ಚಿದ್ಮೇಲೂ. ನಾವು ಹುಡುಗ್ರು ನಗ್ತಿದ್ವಿ, ಏನು ಮದುವೆಗಾ ಅಂತ.

ವಿದ್ಯಾನಗರ_ಹುಡ್ಗ

ರೂಮ್‌ಮೇಟ್‌ಗೆ ಪೂರ್ತಿ ಥ್ರೆಡ್ ಓದ್ಸಿದೆ. ಅವನದ್ದು ಅರ್ಧ ತಪ್ಪು ನಂದು ಅರ್ಧ ತಪ್ಪು ಅಂತ ತೀರ್ಮಾನ ಆಗಿ ದೋಸೆ ಬಿಲ್ ಅರ್ಧರ್ಧ. ಮೇಷ್ಟ್ರೇ, ನಾಳೆ ದುರ್ಗಕ್ಕೆ ಬರೋದೈತೆ, ಬಸ್ಟ್ಯಾಂಡ್ ಹತ್ರ ಒಂದು ಅರ್ಧ ಗಂಟೆ ಸಿಗ್ತೀರಾ? ವಾಲೇಸ್ ಬಗ್ಗೆ ಇನ್ನೂ ಕೇಳೋದೈತೆ.

ಕೋಟೆಮೇಷ್ಟ್ರು

ಬನ್ನಿ. ಹನ್ನೊಂದರ ಮೇಲೆ ಬನ್ನಿ, ಬೆಳಗ್ಗೆ ನಾನು ಕೋಟೆ ಹತ್ತೋಕೆ ಹೋಗಿರ್ತೀನಿ. ರೂಮ್‌ಮೇಟ್‌ನೂ ಕರ್ಕೊಂಡು ಬನ್ನಿ.